ಗೇಟಿನ ಒಳಗೆ ಬಂದು ಮಲಗಿದ ನಾಯಿ ಯಾರದು?

ಪ್ರಶ್ನೆ: ದೀಪಾವಳಿಯ ರಾತ್ರಿ ಪಟಾಕಿಯ ಸದ್ದಿಗೆ ಬೆದರಿದ ಕಂದು ಬಣ್ಣದ ನಾಯಿಯೊಂದು ನಮ್ಮ ಕಾಂಪೌಂಡಿಗೆ ನುಗ್ಗಿ ಕಾರಿನ ಕೆಳಗೆ ಅವಿತುಕೊಂಡಿತು. ನಾಲ್ಕು ದಿನ ಕಳೆದರೂ ಹೋಗಿಲ್ಲ. ಕೊರಳಲ್ಲಿ ಬೆಲ್ಟ್ ಇಲ್ಲ. ಪಾಲಿಕೆಯ ವಾಹನ ಕರೆಸಿ ಎಂದು ನೆರೆಯವರು ಹೇಳುತ್ತಾರೆ. ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಬಿಟ್ಟು ಬರೋಣ ಎಂದು ನಮ್ಮ ಯಜಮಾನರು ಹೇಳುತ್ತಾರೆ. ನನಗೆ ಎರಡಕ್ಕೂ ಮನಸ್ಸು ಬರುತ್ತಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ನಿಮಗೆ ಮನಸ್ಸು ಬಾರದಿರುವುದೇ ಸರಿ, ಏಕೆಂದರೆ ಆ ನಾಯಿಗಾಗಿ ಎಲ್ಲೋ ಒಂದು ಮನೆಯವರು ನಾಲ್ಕು ದಿನದಿಂದ ಬೀದಿ ಬೀದಿ ಸುತ್ತುತ್ತಿರಬಹುದು. ಅದು ಬೀದಿ ನಾಯಿಯೇ ಎಂದು ತೀರ್ಮಾನಿಸುವ ಮೊದಲು ಅದರ ಮೈಯನ್ನು ಗಮನವಿಟ್ಟು ನೋಡಿ. ಸದಾ ಡಾಂಬರು ರಸ್ತೆಯಲ್ಲಿ ಓಡಾಡುವ ನಾಯಿಯ ಉಗುರುಗಳು ಸವೆದು ಮೊಂಡಾಗಿರುತ್ತವೆ. ಮನೆಯೊಳಗೇ ಬೆಳೆದ ನಾಯಿಯ ಉಗುರುಗಳು ಸಾಮಾನ್ಯವಾಗಿ ಉದ್ದವಾಗಿದ್ದು, ನಡೆಯುವಾಗ ನೆಲಕ್ಕೆ ತಾಗಿ ಟಕಟಕ ಸದ್ದು ಮಾಡುತ್ತವೆ. ಬೆಲ್ಟ್ ಕಳಚಿ ಬಿದ್ದಿದ್ದರೂ ಕೊರಳ ಸುತ್ತ ಕೂದಲು ಸವೆದ ಗೆರೆ ಕೆಲವು ದಿನ ಉಳಿದಿರುತ್ತದೆ. ‘ಸಿಟ್’ ಎಂದಾಗ ಕುಳಿತರೆ, ಬಾಗಿಲು ತೆರೆದ ಕೂಡಲೇ ಒಳಗೆ ಬರಲು ಹವಣಿಸಿದರೆ, ಅದಕ್ಕೊಂದು ಮನೆಯಿತ್ತೆಂದು ಬಹುಮಟ್ಟಿಗೆ ನಂಬಬಹುದು.

ಕೆಲವು ವರ್ಷಗಳ ಹಿಂದೆ ವಿಜಯದಶಮಿಯ ಮರುದಿನ ನನ್ನ ಚಿಕಿತ್ಸಾಲಯಕ್ಕೆ ಇಂತಹುದೇ ಒಂದು ನಾಯಿಯನ್ನು ‘ಬೀದಿಯದು’ ಎಂದು ಹೇಳಿ ಕರೆತಂದಿದ್ದರು. ಅರಮನೆಯ ಬಳಿ 21 ಕುಶಾಲತೋಪು ಹಾರಿಸಿದ ಸದ್ದಿಗೆ ಬೆದರಿ ನಜರ್‌ಬಾದಿನ ಮನೆಯೊಂದರಿಂದ ಓಡಿದ್ದ ಆ ನಾಯಿ ವಿದ್ಯಾರಣ್ಯಪುರಂವರೆಗೆ ಹೋಗಿಬಿಟ್ಟಿತ್ತು. ಕೊರಳ ಗೆರೆಯನ್ನು ನೋಡಿ ನಾವು ಚೀಟಿ ಅಂಟಿಸಿದೆವು. ಸಂಜೆಯ ವೇಳೆಗೆ ವೃದ್ಧರೊಬ್ಬರು ಲಸಿಕೆಯ ಪುಸ್ತಕ ಹಿಡಿದು ಬಂದರು. ಅವರ ಚಪ್ಪಲಿಯ ಸದ್ದು ಮೆಟ್ಟಿಲಿನಲ್ಲಿ ಕೇಳಿದ್ದೇ ತಡ, ಬೆಳಗಿನಿಂದ ನೀರನ್ನೂ ಮುಟ್ಟದೆ ಮೂಲೆ ಹಿಡಿದಿದ್ದ ನಾಯಿ ಎದ್ದು ನಿಂತು ಮೈಯೆಲ್ಲ ಅಲುಗುವಂತೆ ಬಾಲ ಆಡಿಸಿತು.

ಆದ್ದರಿಂದ ನೀವು ಮೊದಲು ಮಾಡಬೇಕಾದ ಕೆಲಸ ಮಾಲೀಕರನ್ನು ಹುಡುಕುವುದು. ಸ್ಪಷ್ಟವಾದ ಫೋಟೋ ತೆಗೆದು ಬಡಾವಣೆಯ ವಾಟ್ಸ್‌ಆ್ಯಪ್ ಗುಂಪುಗಳಿಗೂ, ಹಾಲಿನ ಬೂತಿಗೂ, ಹತ್ತಿರದ ಪಶು ಆಸ್ಪತ್ರೆಗಳಿಗೂ ತಲುಪಿಸಿ. ಮೈಮೇಲಿನ ಯಾವುದಾದರೂ ಒಂದು ಗುರುತನ್ನು ಮಾತ್ರ ಪ್ರಕಟಿಸದೆ ನಿಮ್ಮಲ್ಲೇ ಇಟ್ಟುಕೊಳ್ಳಿ; ನಾಯಿ ತಮ್ಮದೆಂದು ಬಂದವರು ಆ ಗುರುತನ್ನು ಹೇಳಬೇಕು, ಹಳೆಯ ಫೋಟೋವನ್ನೋ ಲಸಿಕೆಯ ಪುಸ್ತಕವನ್ನೋ ತೋರಿಸಬೇಕು. ಪಶುವೈದ್ಯರಲ್ಲಿ ಸ್ಕ್ಯಾನರ್ ಇದ್ದರೆ ಭುಜಗಳ ನಡುವೆ ಚರ್ಮದಡಿ ಗುರುತಿನ ಸಂಖ್ಯೆಯ ಮೈಕ್ರೋಚಿಪ್ ಇದೆಯೇ ಎಂದು ಪರೀಕ್ಷಿಸಿಕೊಡುತ್ತಾರೆ.

ಅಲ್ಲಿಯವರೆಗೆ ಮೊಸರನ್ನವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಿ. ಈರುಳ್ಳಿ ಹಾಕಿದ ಸಾರು, ಬೇಯಿಸಿದ ಕೋಳಿಯ ಮೂಳೆ ಬೇಡ. ಮಕ್ಕಳನ್ನು ಹತ್ತಿರ ಬಿಡಬೇಡಿ. ನಾಯಿ ಕಚ್ಚಿದರೆ ಅಥವಾ ಗೀರಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ಗಾಯವನ್ನು ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ನಾಯಿಯನ್ನು 10 ದಿನ ಗಮನಿಸುವುದು ಅಗತ್ಯವಾದರೂ, ಆ ದಿನಗಳು ಮುಗಿಯಲೆಂದು ಲಸಿಕೆಗೆ ಕಾಯಬಾರದು. ಲಕ್ಷಣಗಳು ಕಾಣಿಸಿಕೊಂಡ ಮೇಲೆ ರೇಬೀಸ್‌ಗೆ ಮದ್ದಿಲ್ಲ.

ಬೆಟ್ಟದ ತಪ್ಪಲಿನ ಮಾತನ್ನು ದಯವಿಟ್ಟು ಕೈಬಿಡಿ. ಅಲ್ಲಿ ಚಿರತೆಗಳಿವೆ, ಅಲ್ಲಿಯ ನಾಯಿಗಳೂ ಹೊಸದನ್ನು ಸೇರಿಸಿಕೊಳ್ಳದೆ ಕಚ್ಚಿ ಓಡಿಸುತ್ತವೆ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಇನ್ನು ಪಾಲಿಕೆಯ ವಿಚಾರ: 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಹಿಡಿದ ಬೀದಿ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ತಂದುಬಿಡಬೇಕು. ಸುಪ್ರೀಂ ಕೋರ್ಟ್ 22 ಆಗಸ್ಟ್ 2025ರಂದು ಇದನ್ನೇ ಎತ್ತಿಹಿಡಿದು, ರೇಬೀಸ್ ತಗುಲಿದ ಹಾಗೂ ಆಕ್ರಮಣಕಾರಿ ನಾಯಿಗಳನ್ನು ಮಾತ್ರ ಹೊರತುಪಡಿಸಿತು. ಅದೇ ವರ್ಷದ ನವೆಂಬರ್ 7ರ ಆದೇಶದಂತೆ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂತಹ ಆವರಣಗಳಲ್ಲಿ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೆ ಬಿಡುವಂತಿಲ್ಲ. ನಿಮ್ಮದು ಮನೆ. ಹೀಗಾಗಿ ವಾಹನ ಕರೆಸಿದರೆ ನಾಯಿ ನಿಮ್ಮ ಬೀದಿಗೇ ಮರಳಬಹುದು, ಅದರ ಮಾಲೀಕರು ಮಾತ್ರ ಸಿಕ್ಕಿರುವುದಿಲ್ಲ. ಎಷ್ಟು ಹುಡುಕಿದರೂ ಯಾರೂ ಬಾರದಿದ್ದರೆ, ಲಸಿಕೆ ಮತ್ತು ಶಸ್ತ್ರಚಿಕಿತ್ಸೆ ಮಾಡಿಸಿ ನೀವೇ ಸಾಕಿಕೊಳ್ಳಿ, ಇಲ್ಲವೇ ಒಳ್ಳೆಯ ಮನೆಯೊಂದನ್ನು ನೋಡಿ ಕೊಡಿ.

ಪ್ರಶ್ನೆ: ನಮ್ಮ ನಾಯಿ ತಪ್ಪಿಸಿಕೊಂಡು ಮೂರು ದಿನವಾಯಿತು. ವಿ.ಸಿ. ನಾಲೆಯ ಏರಿಯ ಮೇಲೆ ಎರಡು ಬಾರಿ ಕಾಣಿಸಿತು. ಹೆಸರು ಹಿಡಿದು ಕರೆದರೂ ಓಡಿಹೋಯಿತು. ನಮ್ಮನ್ನು ಮರೆತುಬಿಟ್ಟಿದೆಯೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಮರೆತಿಲ್ಲ, ಹೆದರಿದೆ. ಗಾಬರಿಗೊಂಡ ನಾಯಿಗೆ ಓಡಿಬರುವ ಯಾರೇ ಆದರೂ ಅಪಾಯವಾಗಿಯೇ ಕಾಣುತ್ತಾರೆ. ಅಟ್ಟಿಸಿಕೊಂಡು ಹೋದರೆ ಅದು ನಾಲೆಗೆ ಬೀಳಬಹುದು. ಸಿಮೆಂಟಿನ ಇಳಿಜಾರನ್ನು ಹತ್ತಿ ಮೇಲೆ ಬರಲು ನಾಯಿಗೆ ಆಗುವುದಿಲ್ಲ. ಕಂಡ ಕೂಡಲೇ ನೆಲದ ಮೇಲೆ ಓರೆಯಾಗಿ ಕುಳಿತು, ಅದರ ಕಣ್ಣನ್ನು ನೇರವಾಗಿ ನೋಡದೆ, ಮನೆಯಲ್ಲಿ ಊಟಕ್ಕೆ ಕರೆಯುವ ದನಿಯಲ್ಲೇ ಮೆಲ್ಲಗೆ ಮಾತನಾಡುತ್ತಿರಿ. ಅದು ತಾನಾಗಿಯೇ ಹತ್ತಿರ ಬರಲು ಅರ್ಧ ಗಂಟೆ ಹಿಡಿದರೂ ಸರಿಯೇ. ಒಬ್ಬರೇ ಹೋಗಿ, ನಸುಕಿನಲ್ಲಿ ಹೋಗಿ. ನೀವು ಉಟ್ಟು ಬಿಟ್ಟ ಒಗೆಯದ ಬಟ್ಟೆಯನ್ನೂ ಅದರ ಹಾಸಿಗೆಯನ್ನೂ ಕಾಣಿಸಿಕೊಂಡ ಜಾಗದಲ್ಲಿ ಇಟ್ಟು, ಪಕ್ಕದಲ್ಲಿ ಊಟವಿಡಿ. ಕಬ್ಬು ಕಡಿಯುವವರನ್ನು, ಬೆಳಗ್ಗೆ ಡೈರಿಗೆ ಹಾಲು ಹಾಕುವವರನ್ನು ವಿಚಾರಿಸಿ. ಅಷ್ಟು ಹೊತ್ತಿಗೇ ಹೊರಗಿರುವವರು ಅವರೇ. ಸುತ್ತಲಿನ ಆಲೆಮನೆಗಳಲ್ಲಿಯೂ ತಪ್ಪದೆ ಕೇಳಿ, ಚಳಿಯ ರಾತ್ರಿಗಳಲ್ಲಿ ನಾಯಿಗಳು ಒಲೆಯ ಬೆಚ್ಚನೆಯ ಬೂದಿಯನ್ನು ಹುಡುಕಿಕೊಂಡು ಬರುತ್ತವೆ.

ಪ್ರಶ್ನೆ: ನಮ್ಮ ಬೀದಿಯ ನಾಯಿಯೊಂದರ ಕಿವಿಯ ತುದಿಯನ್ನು ಯಾರೋ ಕತ್ತರಿಸಿದ್ದಾರೆ. ಯಾರಿಗೆ ದೂರು ಕೊಡಬೇಕು?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ದೂರು ಬೇಡ. ಕತ್ತರಿಸಿದ ಜಾಗ ಅಚ್ಚುಕಟ್ಟಾಗಿದ್ದು ಗಾಯ ಮಾಗಿದ್ದರೆ ಅದು ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರುವುದರ ಗುರುತು. ನಾಯಿ ಅರಿವಳಿಕೆಯಲ್ಲಿರುವಾಗಲೇ ಅದನ್ನು ಮಾಡಿರುತ್ತಾರೆ. ಆದರೆ ಅಂದು ಹಾಕಿದ ರೇಬೀಸ್ ಲಸಿಕೆ ಜೀವನಪೂರ್ತಿ ಸಾಲುವುದಿಲ್ಲ, ಪ್ರತಿವರ್ಷ ಹಾಕಿಸಬೇಕು. ನಿತ್ಯ ಅನ್ನ ಹಾಕುವವರ ಕೈಗೆ ಅದು ಸಿಗುವುದಾದರೆ, ಅವರನ್ನು ಜೊತೆಗೆ ಕರೆದುಕೊಂಡು ಹತ್ತಿರದ ಪಶು ಆಸ್ಪತ್ರೆಗೆ ಹೋಗಿ ಬನ್ನಿ.