ಹುದ್ದೆ ಪ್ರಕಟಣೆಯಿಂದ ಜಾಬ್ ಟಾಕ್‌ವರೆಗೆ: ಅರ್ಥಶಾಸ್ತ್ರ ಸಂಶೋಧನಾರ್ಥಿಗಳ ನಾಲ್ಕು ಪ್ರಶ್ನೆಗಳು

ಪ್ರಶ್ನೆ: ಪಿಎಚ್.ಡಿ. ಕೊನೆಯ ಹಂತದಲ್ಲಿದ್ದೇನೆ. ಯಾವ ಅರ್ಥಶಾಸ್ತ್ರ ವಿಭಾಗದ ಪುಟ ತೆರೆದರೂ ಸೆಮಿನಾರ್ ಪಟ್ಟಿ, ಸುದ್ದಿ, ಹುದ್ದೆ ಪ್ರಕಟಣೆ ಮೂರೂ ಇರುತ್ತವೆ. ಪ್ರಕಟಣೆಯಲ್ಲಿ ‘ಯಾವುದೇ ಕ್ಷೇತ್ರ’ ಎಂದಿರುತ್ತದೆ. ನನಗೆ ನಿಜವಾಗಿ ಅವಕಾಶವಿದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಮೂರನ್ನೂ ಬೇರೆಬೇರೆಯಾಗಿ ಓದಬೇಡಿ. ‘ಯಾವುದೇ ಕ್ಷೇತ್ರ’ ಎಂದು ಬರೆದ ವಿಭಾಗದ ಮನಸ್ಸಿನಲ್ಲೂ ಬಹಳ ಸಲ ಒಂದು ಕ್ಷೇತ್ರ ಇದ್ದೇ ಇರುತ್ತದೆ. ಅದರ ಸುಳಿವು ಸಿಗುವುದು ಸುದ್ದಿಯಲ್ಲಿ: ಯಾರು ನಿವೃತ್ತರಾದರು, ಯಾರು ಬೇರೆಡೆ ಹೋದರು, ಯಾವ ಕೋರ್ಸನ್ನು ಈಗ ಅತಿಥಿ ಉಪನ್ಯಾಸಕರು ನಡೆಸುತ್ತಿದ್ದಾರೆ.

ಇದಕ್ಕಿಂತ ಒಳ್ಳೆಯ ಸುಳಿವು ಹಳೆಯ ಸೆಮಿನಾರ್ ಪಟ್ಟಿ. ಅಂತರರಾಷ್ಟ್ರೀಯ ಜಾಬ್ ಮಾರ್ಕೆಟ್‌ನಲ್ಲಿ ನೇಮಿಸುವ ವಿಭಾಗಗಳಲ್ಲಿ ಜನವರಿ, ಫೆಬ್ರವರಿಯಲ್ಲಿ ಮಾತಾಡಲು ಬರುವವರಲ್ಲಿ ಹೆಚ್ಚಿನವರು ಅಭ್ಯರ್ಥಿಗಳೇ. ಕಳೆದ ವರ್ಷ ಬಂದ ಐವರಲ್ಲಿ ನಾಲ್ವರು ಕಾರ್ಮಿಕ ಅರ್ಥಶಾಸ್ತ್ರದವರಾಗಿದ್ದು, ಇಂದಿನ ಬೋಧಕರ ಪಟ್ಟಿಯಲ್ಲಿ ಅವರಲ್ಲೊಬ್ಬರ ಹೆಸರೂ ಇಲ್ಲವೆಂದರೆ ಹುದ್ದೆ ತುಂಬಿಲ್ಲ, ಹುಡುಕಾಟ ಮತ್ತೆ ಅಲ್ಲಿಂದಲೇ ಶುರುವಾಗುವ ಸಂಭವ ಹೆಚ್ಚು. ಒಬ್ಬರು ಸೇರಿಕೊಂಡಿದ್ದರೆ ಈ ವರ್ಷ ಅದೇ ಕ್ಷೇತ್ರದಲ್ಲಿ ಇನ್ನೊಬ್ಬರನ್ನು ತೆಗೆದುಕೊಳ್ಳುವುದು ಕಡಿಮೆ.

ಪ್ರಕಟಣೆಯಲ್ಲಿ ಜೆಇಎಲ್ ಸಂಕೇತಗಳಿದ್ದರೆ (ಅರ್ಥಶಾಸ್ತ್ರದ ಉಪಕ್ಷೇತ್ರಗಳನ್ನು ಇಂಗ್ಲಿಷ್ ಅಕ್ಷರಗಳಿಂದ ಗುರುತಿಸುವ ವರ್ಗೀಕರಣ) ನೋಡಿ. ‘ಜೆ’ ಕಾರ್ಮಿಕ ಅರ್ಥಶಾಸ್ತ್ರ, ‘ಇ’ ಸಮಗ್ರ ಅರ್ಥಶಾಸ್ತ್ರ, ‘ಒ’ ಅಭಿವೃದ್ಧಿ, ‘ಕ್ಯೂ’ ಕೃಷಿ ಮತ್ತು ಪರಿಸರ. ‘ಬಜೆಟ್ ಮಂಜೂರಾತಿಗೆ ಒಳಪಟ್ಟು’ ಎಂದಿದ್ದರೆ ಅರ್ಜಿ ಹಾಕಿ, ಆದರೆ ಲೆಕ್ಕಕ್ಕೆ ಹಿಡಿಯಬೇಡಿ.

ದಿನಾಂಕದ ವಿಷಯದಲ್ಲಿ ತುಂಬ ಮಂದಿ ಎಡವುತ್ತಾರೆ. ‘ಪರಿಶೀಲನೆ ನವೆಂಬರ್ 15ರಿಂದ ಆರಂಭ’ ಎಂದರೆ ಅದೇ ಕೊನೆಯ ದಿನವೆಂದು ತಿಳಿಯಿರಿ. ಆಮೇಲೆ ಬಂದ ಅರ್ಜಿಯನ್ನು ತೆರೆದು ನೋಡುವವರು ವಿರಳ. ಶಿಫಾರಸು ಪತ್ರಗಳನ್ನು ಬರೆದವರೇ ನೇರವಾಗಿ ಸೇರಿಸಬೇಕು. ಹಲವು ವ್ಯವಸ್ಥೆಗಳಲ್ಲಿ ನೀವು ಅರ್ಜಿ ಸಲ್ಲಿಸಿದ ಮೇಲಷ್ಟೇ ಅವರಿಗೆ ಕೋರಿಕೆ ಹೋಗುತ್ತದೆ. ಕೊನೆಯ ರಾತ್ರಿ ಸಲ್ಲಿಸಿದರೆ ನಿಮ್ಮ ಕಡತ ಪತ್ರಗಳಿಲ್ಲದೆ ಸಮಿತಿಯ ಮುಂದೆ ಹೋಗುತ್ತದೆ. ಹಾಗಾಗಿ ಒಂದು ವಾರ ಮೊದಲೇ ಸಲ್ಲಿಸಿ. ಪದವಿ ಇನ್ನೂ ಕೈಗೆ ಬಂದಿಲ್ಲವಾದರೆ ಯಾವ ತಿಂಗಳಲ್ಲಿ ಮುಗಿಯುತ್ತದೆ ಎಂಬುದು ಮಾರ್ಗದರ್ಶಕರ ಪತ್ರದಲ್ಲಿ ಸ್ಪಷ್ಟವಾಗಿರಲಿ. ನೀವು ಬರೆದುಕೊಂಡದ್ದಕ್ಕಿಂತ ಅವರು ಬರೆದದ್ದಕ್ಕೆ ತೂಕ ಹೆಚ್ಚು.

ಪ್ರಶ್ನೆ: ಅಮೆರಿಕನ್ ಎಕನಾಮಿಕ್ ಅಸೋಸಿಯೇಷನ್‌ನ ‘ಸಿಗ್ನಲ್’ ವ್ಯವಸ್ಥೆಯಲ್ಲಿ ಎರಡೇ ಸಂಸ್ಥೆಗಳಿಗೆ ಆಸಕ್ತಿ ತಿಳಿಸಬಹುದಂತೆ. ಅತ್ಯುತ್ತಮವಾದ ಎರಡು ವಿಭಾಗಗಳಿಗೆ ಕಳಿಸಲೇ?

ಉತ್ತರ: ಬೇಡ. ಸಿಗ್ನಲ್ ವ್ಯರ್ಥವಾಗುವುದು ಹೆಚ್ಚಾಗಿ ಹೀಗೆಯೇ.

ಈ ವ್ಯವಸ್ಥೆ 2006ರಲ್ಲಿ ಬಂತು. ಇದರ ಹಿಂದಿದ್ದ ಸಮಿತಿಯನ್ನು ಮುನ್ನಡೆಸಿದವರು ಆಲ್ವಿನ್ ರಾಥ್. ಮಾರುಕಟ್ಟೆ ವಿನ್ಯಾಸದ ಕೆಲಸಕ್ಕೆ 2012ರಲ್ಲಿ ನೊಬೆಲ್ ಪಡೆದವರು. ಒಬ್ಬ ಅಭ್ಯರ್ಥಿ ನೂರು ಕಡೆ ಅರ್ಜಿ ಹಾಕುವುದು ಈಗ ಸಾಮಾನ್ಯ, ‘ನಿಮ್ಮಲ್ಲಿಗೆ ಬರಲು ಬಹಳ ಆಸೆ’ ಎಂದು ನೂರು ಕಡೆಯೂ ಬರೆಯಬಹುದು. ಬರೆಯಲು ಖರ್ಚಿಲ್ಲದ ಮಾತನ್ನು ಯಾರೂ ನಂಬುವುದಿಲ್ಲ. ಎರಡೇ ಇವೆ ಎಂಬ ಮಿತಿಯೇ ಸಿಗ್ನಲ್‌ಗೆ ಬೆಲೆ ತಂದುಕೊಡುತ್ತದೆ.

ಅತಿ ಪ್ರತಿಷ್ಠಿತ ವಿಭಾಗಕ್ಕೆ ನಿಮ್ಮ ಆಸಕ್ತಿಯ ಬಗ್ಗೆ ಸಂಶಯವಿಲ್ಲ; ಎಲ್ಲರಿಗೂ ಅಲ್ಲಿ ಆಸಕ್ತಿಯಿದೆ. ‘ಇವರು ನಮ್ಮಲ್ಲಿಗೆ ಬರಲಿಕ್ಕಿಲ್ಲ’ ಎಂದುಕೊಂಡು ನಿಮ್ಮನ್ನು ಬದಿಗಿಡಬಹುದಾದ, ಆದರೆ ನಿಮ್ಮ ಕ್ಷೇತ್ರಕ್ಕೆ ಹೊಂದುವ ಕಡೆಗೆ ಕಳಿಸಿ. ಉದಾಹರಣೆಗೆ, ಬೋಧನೆಗೆ ಒತ್ತು ಕೊಡುವ ಕಾಲೇಜು, ಅಥವಾ ನೀವು ಓದಿದ ಜಾಗದಿಂದ ಬಹುದೂರದ ಊರಿನ ವಿಭಾಗ. ನಿಮ್ಮ ಮಾರ್ಗದರ್ಶಕರು ಈಗಾಗಲೇ ಮಾತಾಡಿರುವ ಕಡೆಗೆ ಸಿಗ್ನಲ್ ಬೇಕಿಲ್ಲ. ಎರಡನ್ನೂ ಬಳಸಿ, ಉಳಿಸಿಕೊಂಡರೆ ಲಾಭವೇನೂ ಇಲ್ಲ.

ಪ್ರಶ್ನೆ: 90 ನಿಮಿಷದ ಜಾಬ್ ಟಾಕ್‌ಗೆ (ಹುದ್ದೆಯ ಅಭ್ಯರ್ಥಿ ತನ್ನ ಸಂಶೋಧನೆ ಮಂಡಿಸುವ ಸೆಮಿನಾರಿಗೆ) ಕರೆದಿದ್ದಾರೆ. ವಿಭಾಗದಲ್ಲಿ ಅಭ್ಯಾಸಕ್ಕೆಂದು ಮಾತಾಡಿದಾಗ 20ನೇ ನಿಮಿಷದಲ್ಲೂ ಮೂರನೇ ಸ್ಲೈಡಿನಲ್ಲೇ ಸಿಕ್ಕಿಕೊಂಡಿದ್ದೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಅರ್ಥಶಾಸ್ತ್ರದ ಸೆಮಿನಾರಿನಲ್ಲಿ ಪ್ರಶ್ನೆಗಳು ಕೊನೆಯವರೆಗೆ ಕಾಯುವುದಿಲ್ಲ, ನಡುವೆಯೇ ತಡೆಯುತ್ತಾರೆ. ಮೂರನೇ ಸ್ಲೈಡಿನಲ್ಲೇ ತಡೆದರೆಂದರೆ ನಿಮ್ಮ ಪ್ರಶ್ನೆ ಏನು, ಉತ್ತರ ಏನು ಎಂಬುದು ಅವರಿಗೆ ಇನ್ನೂ ಸಿಕ್ಕಿಲ್ಲ. ಹಿನ್ನೆಲೆ, ಹಿಂದಿನ ಸಂಶೋಧನೆಗಳ ಪಟ್ಟಿ ಎಂದು ಸುತ್ತಿ ಬಂದಿರುತ್ತೀರಿ.

ಮೊದಲ 10 ನಿಮಿಷದಲ್ಲಿ ಇಷ್ಟು ಮುಗಿಯಬೇಕು: ಪ್ರಶ್ನೆ, ಅದನ್ನು ಉತ್ತರಿಸುವುದು ಏಕೆ ಕಷ್ಟ, ನಿಮ್ಮ ದತ್ತಾಂಶ ಮತ್ತು ವಿಧಾನ, ಮುಖ್ಯ ಫಲಿತಾಂಶ ಅಂಕಿ ಸಮೇತ. ಹಿಂದಿನ ಸಂಶೋಧನೆಗೆ ಪ್ರತ್ಯೇಕ ಸ್ಲೈಡ್ ಬೇಡ. ತೀರ ಹತ್ತಿರದ ಎರಡು ಮೂರು ಪ್ರಬಂಧಗಳಿಗಿಂತ ನಿಮ್ಮದು ಎಲ್ಲಿ ಬೇರೆ ಎಂದು ಒಂದು ವಾಕ್ಯದಲ್ಲಿ ಹೇಳಿದರೆ ಸಾಕು. ಇಪ್ಪತ್ತು ಹೆಸರು ತೋರಿಸಿದರೆ ಇಪ್ಪತ್ತೊಂದನೆಯದು ಯಾಕಿಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಮುಖ್ಯ ಸ್ಲೈಡುಗಳು 35–40ರ ಒಳಗಿರಲಿ. ಸಮಯದ ಮೂರನೇ ಒಂದು ಪಾಲು ಪ್ರಶ್ನೆಗಳಿಗೆ ಹೋಗುತ್ತದೆ ಎಂದೇ ಯೋಜಿಸಿ. 45ನೇ ನಿಮಿಷಕ್ಕೆ ಮುಖ್ಯ ಕೋಷ್ಟಕ ಪರದೆಯ ಮೇಲಿರಬೇಕು. ತಡವಾದರೆ ಯಾವ ಸ್ಲೈಡುಗಳನ್ನು ಹಾರಿಸುವಿರಿ ಎಂದು ಮನೆಯಲ್ಲೇ ಗುರುತು ಹಾಕಿಕೊಳ್ಳಿ.

ಇನ್ನು ಕೋಷ್ಟಕದ ವಿಷಯ. ಪ್ರಬಂಧದಿಂದ ಎಂಟು ಕಾಲಮಿನ ಕೋಷ್ಟಕವನ್ನು ಹಾಗೇ ಎತ್ತಿ ಅಂಟಿಸಿದರೆ ಹಿಂದಿನ ಸಾಲಿನವರಿಗೆ ಏನೂ ಕಾಣುವುದಿಲ್ಲ. ಎರಡು ಮೂರು ಕಾಲಂ, ದಶಮಾಂಶದ ನಂತರ ಎರಡು ಮೂರು ಅಂಕಿ, ಕೆಳಗೆ ಅವಲಂಬಿತ ಚರದ (ನೀವು ಯಾವುದರ ಮೇಲಿನ ಪರಿಣಾಮ ಅಳೆಯುತ್ತಿದ್ದೀರೋ ಅದರ) ಸರಾಸರಿ. ಸರಾಸರಿ ಇಲ್ಲದಿದ್ದರೆ ಪರಿಣಾಮ ದೊಡ್ಡದೋ ಚಿಕ್ಕದೋ ತಿಳಿಯದು. ಅಂಕಿಯನ್ನು ಬಾಯಿಬಿಟ್ಟು ಓದುವಾಗ ಎರಡು ಕಡೆ ಎಚ್ಚರ. ವೇತನದ ಲಾಗ್ (ಲಾಗರಿದಮ್) ಮೇಲೆ ಗುಣಾಂಕ 0.05 ಇದ್ದರೆ ‘ಸುಮಾರು ಶೇ 5’ ಎನ್ನಬಹುದು, 0.5 ಇದ್ದರೆ ಅದು ಶೇ 50 ಅಲ್ಲ, ಸುಮಾರು ಶೇ 65ರ ಏರಿಕೆ, ಮೈನಸ್ 0.5 ಆದರೆ ಸುಮಾರು ಶೇ 39ರ ಇಳಿಕೆ. ಹಾಗೆಯೇ ಉದ್ಯೋಗ ದರ ಶೇ 40ರಿಂದ 44ಕ್ಕೆ ಏರಿದರೆ ಅದು 4 ಶೇಕಡಾ ಅಂಶಗಳ ಏರಿಕೆ. ಶೇ 4ರದ್ದಲ್ಲ, ಶೇ 10ರದ್ದು. ಇಂಥಲ್ಲಿ ಜಾರಿದರೆ ಮುಂದಿನ ಪ್ರತಿ ಅಂಕಿಯನ್ನೂ ಸಭಿಕರು ಅನುಮಾನದಿಂದಲೇ ನೋಡುತ್ತಾರೆ.

ನಿಮ್ಮ ವಿಧಾನದ ದುರ್ಬಲ ಊಹೆ ಯಾವುದೋ ಅದನ್ನು ನೀವೇ ಮೊದಲು ಹೇಳಿ, ಅದಕ್ಕೆ ಮಾಡಿದ ಪರೀಕ್ಷೆ ತೋರಿಸಿ. ಅವರು ಕಂಡುಹಿಡಿದರೆ ಅದು ದೋಷ, ನೀವು ಹೇಳಿದರೆ ಚರ್ಚೆ. ‘ಮುಂದೆ ಬರುತ್ತದೆ’ ಎನ್ನುವುದು ನಿಜಕ್ಕೂ ಬರುವುದಾದರೆ ಮಾತ್ರ. ಉತ್ತರ ತಿಳಿಯದ ಪ್ರಶ್ನೆ ಬಂದರೆ ಅದನ್ನು ಯಾವ ದತ್ತಾಂಶದಿಂದ ಪರೀಕ್ಷಿಸಬಹುದು ಎಂದು ಹೇಳಿ ಮುಂದೆ ಸಾಗಿ. ಒಬ್ಬರೇ ಹತ್ತು ನಿಮಿಷ ಹಿಡಿದುಕೊಂಡರೆ ‘ಇದನ್ನು ನಮ್ಮ ಭೇಟಿಯಲ್ಲಿ ಮುಂದುವರಿಸೋಣ’ ಎಂದರೆ ಉಳಿದವರು ಮನಸ್ಸಿನಲ್ಲೇ ಕೃತಜ್ಞತೆ ಹೇಳುತ್ತಾರೆ.

ಅಭ್ಯಾಸದ ಟಾಕ್‌ಗೆ ನಿಮ್ಮ ಕ್ಷೇತ್ರದ ಹೊರಗಿನವರನ್ನೂ ಕೂರಿಸಿ. ನೇಮಕಕ್ಕೆ ಮತ ಹಾಕುವವರಲ್ಲಿ ಹೆಚ್ಚಿನವರು ಅಂಥವರೇ.

ಪ್ರಶ್ನೆ: ಒಂದು ವಿಭಾಗ ಹುದ್ದೆ ಕೊಟ್ಟು ಎರಡು ವಾರದಲ್ಲಿ ಉತ್ತರಿಸಿ ಎಂದಿದೆ. ನನಗೆ ಇನ್ನೂ ಇಷ್ಟವಾದ ಕಡೆ ಸಂದರ್ಶನವಾಗಿದೆ, ಫಲಿತಾಂಶ ಬಂದಿಲ್ಲ. ಕೇಳಿದರೆ ತಪ್ಪಾಗುತ್ತದೆಯೇ?

ಉತ್ತರ: ಕೇಳದಿದ್ದರೆ ತಪ್ಪು. ಎರಡನೇ ವಿಭಾಗದ ನೇಮಕಾತಿ ಸಮಿತಿಯ ಅಧ್ಯಕ್ಷರಿಗೆ ಇವತ್ತೇ ಬರೆಯಿರಿ: ಒಂದು ಹುದ್ದೆ ಬಂದಿದೆ, ಇಂಥ ದಿನಾಂಕದೊಳಗೆ ಉತ್ತರಿಸಬೇಕು, ನಿಮ್ಮಲ್ಲಿ ನನಗೆ ಆಸಕ್ತಿ ಹೆಚ್ಚು. ಇಂಥ ಪತ್ರ ಅವರಿಗೆ ಹೊಸದಲ್ಲ, ಎಷ್ಟೋ ಸಲ ಇದರಿಂದಲೇ ಅವರ ಸಭೆ ಮುಂಚೆ ನಡೆಯುತ್ತದೆ. ಮೊದಲನೆಯವರ ಬಳಿ ಗಡುವು ವಿಸ್ತರಣೆಯನ್ನು ಒಂದೇ ಸಲ, ನಿರ್ದಿಷ್ಟ ದಿನಾಂಕದೊಂದಿಗೆ ಕೇಳಿ. ಇಲ್ಲದ ಹುದ್ದೆ ಇದೆ ಎಂದು ಮಾತ್ರ ಹೇಳಬೇಡಿ. ಈ ವೃತ್ತಿಯಲ್ಲಿ ಒಬ್ಬರಿಗೊಬ್ಬರು ಫೋನ್ ಮಾಡಿಯೇ ಮಾಡುತ್ತಾರೆ.

ಸಂಬಳ, ಮೊದಲ ವರ್ಷದ ಬೋಧನಾ ಹೊರೆ, ಸಂಶೋಧನಾ ನಿಧಿ, ಸೇರುವ ದಿನಾಂಕ ಇವುಗಳ ಮಾತು ಲಿಖಿತ ಪತ್ರ ಕೈಗೆ ಬಂದ ಮೇಲೆ, ಒಪ್ಪುವ ಮೊದಲು. ಒಂದೊಂದಾಗಿ ಕೇಳದೆ ಎಲ್ಲವನ್ನೂ ಒಂದೇ ಪತ್ರದಲ್ಲಿ ಇಡಿ. ಬಾಯಿಮಾತಿನಲ್ಲಿ ಒಪ್ಪಿಕೊಂಡ ಕೋರ್ಸ್ ಕಡಿತ ಪತ್ರದಲ್ಲಿ ಇಲ್ಲದಿದ್ದರೆ, ವಿಭಾಗದ ಮುಖ್ಯಸ್ಥರು ಬದಲಾದಾಗ ಅದೂ ಹೋಗುತ್ತದೆ. ಒಪ್ಪಿದ ದಿನವೇ ಉಳಿದ ಎಲ್ಲ ಕಡೆ ಅರ್ಜಿ ಹಿಂಪಡೆಯಿರಿ. ಮಾರ್ಚ್‌ವರೆಗೂ ಏನೂ ಸಿಗದಿದ್ದರೆ ಅಮೆರಿಕನ್ ಎಕನಾಮಿಕ್ ಅಸೋಸಿಯೇಷನ್ ನಡೆಸುವ ‘ಸ್ಕ್ರಾಂಬಲ್’ನಲ್ಲಿ ಹೆಸರು ನೋಂದಾಯಿಸಿ: ಇನ್ನೂ ತುಂಬದ ಹುದ್ದೆಗಳೂ ಇನ್ನೂ ಹುಡುಕುತ್ತಿರುವವರೂ ಅಲ್ಲಿ ಒಂದೇ ಪಟ್ಟಿಯಲ್ಲಿ ಸಿಗುತ್ತಾರೆ.