ಹಿಂದೆ ದೇಶಪ್ರೇಮ, ಒಗ್ಗಟ್ಟು ಜಾಸ್ತಿ ಇತ್ತು ಅಂತ ಯಾಕೆ ಅನ್ನಿಸುತ್ತದೆ?

ಇದರಲ್ಲಿ ದೊಡ್ಡ ಪಾಲು ನೆನಪಿನದ್ದು. ಸುಮಾರು 10ರಿಂದ 30 ವರ್ಷ ವಯಸ್ಸಿನ ನೆನಪುಗಳು ಎಲ್ಲಕ್ಕಿಂತ ಗಟ್ಟಿಯಾಗಿ ಉಳಿಯುತ್ತವೆ. ಶಾಲೆಯಲ್ಲಿ ಬಾವುಟದ ಮುಂದೆ ನಿಂತ ದಿನಗಳೂ ಆಗಿನವೇ ಅಲ್ವಾ? ಜೊತೆಗೆ ಕಹಿ ಬೇಗ ಮಾಸುತ್ತದೆ. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ 'ನೊಸ್ಟಾಲ್ಜಿಯಾ' ಎಂಬ ಪದ ಕಟ್ಟಿದಾಗ ಅದು ತವರಿನ ಹಂಬಲದಿಂದ ಬರುವ ಕಾಯಿಲೆಯ ಹೆಸರಾಗಿತ್ತು. ಈಗ ನಾವು ಹಂಬಲಿಸುವುದು ಊರಿಗಿಂತ ಜಾಸ್ತಿ ಕಾಲಕ್ಕೆ.

ಹಾಗಂತ ಸುಮ್ನೆ ಭ್ರಮೆ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆಗ ಕೆಲವೇ ರೇಡಿಯೊ ಕೇಂದ್ರಗಳು, ಕೆಲವೇ ಪತ್ರಿಕೆಗಳು. ಒಂದೇ ಸುದ್ದಿಯನ್ನು ಎಲ್ಲರೂ ಒಂದೇ ಸಂಜೆ ಕೇಳುತ್ತಿದ್ದರು. ಜಗಳವಾಡುವವರಿಗೂ ಮಾತಾಡಲು ಒಂದೇ ವಿಷಯ ಇರುತ್ತಿತ್ತು. ಇವತ್ತು ಒಂದೇ ಮನೆಯಲ್ಲಿ ಪ್ರತಿಯೊಬ್ಬರ ಫೋನಿನಲ್ಲೂ ಬೇರೆ ಬೇರೆ ಲೋಕ. ಯುದ್ಧದಂಥ ಹೊತ್ತಿನಲ್ಲಿ ಜನ ನಾಯಕರ ಬೆನ್ನಿಗೆ ನಿಲ್ಲುವುದೂ ನಿಜ. ಆದರೆ ಆ ಅಲೆ ಸಾಮಾನ್ಯವಾಗಿ ಬೇಗ ಇಳಿಯುತ್ತದೆ. ನೆನಪಿನಲ್ಲಿ ಮಾತ್ರ ವರ್ಷಗಟ್ಟಲೆ ನಿಂತಂತೆ ಕಾಣುತ್ತದೆ.

ಇನ್ನೊಂದು ಮಾತು. ಹೋಫರ್ ಓದಿದ ಸ್ವಿಟ್ಜರ್ಲೆಂಡಿನಲ್ಲಿ ಹೆಂಗಸರಿಗೆ ರಾಷ್ಟ್ರಮಟ್ಟದಲ್ಲಿ ಮತದ ಹಕ್ಕು ಸಿಕ್ಕಿದ್ದು 1971ರಲ್ಲಿ. ಹಳೆಯ ಒಗ್ಗಟ್ಟಿನ ಚಿತ್ರದಲ್ಲಿ ಹೀಗೆ ದನಿಯೇ ಇಲ್ಲದವರು ಎಲ್ಲ ದೇಶಗಳಲ್ಲೂ ಇದ್ದರು. ಅವರನ್ನೂ ಕೇಳಿದ್ದರೆ ಆ ಕಾಲದ ಕಥೆ ಬೇರೆಯೇ ಇರುತ್ತಿತ್ತು.