ಡಿವಿಡೆಂಡ್ ನಂಬಿ ಮನೆ ನಡೆಸಬಹುದೇ?

(ಉಡುಪಿಯ ಓದುಗರ ಪತ್ರದ ಸಾರ: ಖಾಸಗಿ ಶಾಲೆಯಿಂದ ನಿವೃತ್ತನಾಗಿದ್ದೇನೆ, ವಯಸ್ಸು 61. ಕೈಯಲ್ಲಿ 32 ಲಕ್ಷ ರೂಪಾಯಿ ಇದೆ. ತಿಂಗಳಿಗೆ 15 ಸಾವಿರ ಬೇಕು. ಜಾಸ್ತಿ ಡಿವಿಡೆಂಡ್, ಅಂದರೆ ಕಂಪನಿಯ ಲಾಭದಲ್ಲಿ ಷೇರುದಾರರಿಗೆ ಪಾಲು, ಕೊಡುವ ಎಂಟು ಷೇರು ಪಟ್ಟಿ ಮಾಡಿದ್ದೇನೆ, ಅದರಲ್ಲಿ ಐದು ಬ್ಯಾಂಕ್. ಪೂರ್ತಿ ಹಣ ಹಾಕಲೇ? ಮಾವನವರ ಹಳೆಯ ಕಾಗದದ ಷೇರುಗಳೂ ಇವೆ.)

ಮಾಸ್ಟ್ರೇ, ಪೂರ್ತಿ ಹಾಕಬೇಡಿ.

ಮೊದಲು ಆ 15 ಸಾವಿರದ ದಾರಿ ನೋಡೋಣ. ಅಂಚೆ ಕಚೇರಿಯಲ್ಲೂ ಬ್ಯಾಂಕಿನಲ್ಲೂ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. 60 ದಾಟಿದವರು 30 ಲಕ್ಷದವರೆಗೆ ಇಡಬಹುದು. ಶೇ 8.2ರ ಬಡ್ಡಿಗೆ 22 ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 45,100 ರೂಪಾಯಿ ಬರುತ್ತದೆ. ನಿಮ್ಮ ಖರ್ಚು ಅಲ್ಲಿಗೆ ಆಯಿತು. ಇನ್ನು 4 ಲಕ್ಷ ಆಸ್ಪತ್ರೆ, ಮನೆ ರಿಪೇರಿ ಎಂದು ಬ್ಯಾಂಕಿನ ಎಫ್‌ಡಿಯಲ್ಲಿ ಇರಲಿ.

ಆದರೆ ಯೋಜನೆಯ ಐದು ವರ್ಷವೂ ಅದೇ 45,100. ಕುಚ್ಚಲಕ್ಕಿ ರೇಟು ಹಾಗೆ ನಿಲ್ಲುವುದಿಲ್ಲ, ಅಲ್ವಾ? ಉಳಿದ 6 ಲಕ್ಷಕ್ಕೆ ಕೆಲಸ ಇರುವುದು ಇಲ್ಲಿ. ಒಳ್ಳೆಯ ಕಂಪನಿಯ ಲಾಭ ಬೆಳೆದಂತೆ ಡಿವಿಡೆಂಡೂ ಬೆಳೆಯಬಹುದು. ಶೇ 3ರಂತೆ ಹಿಡಿದರೆ ಮೊದಲ ವರ್ಷ 18,000 ಮಾತ್ರ. ಅದನ್ನು ಸದ್ಯಕ್ಕೆ ಮುಟ್ಟಬೇಡಿ, ಮತ್ತೆ ಷೇರಿಗೇ ಹಾಕಿ. 70ರ ನಂತರ ಅದು ಬೇಕಾಗುತ್ತದೆ.

ನಿಮ್ಮ ಪಟ್ಟಿಯಲ್ಲಿ ಶೇ 12 ಕೊಡುವ ಒಂದು ಷೇರಿದೆ. ಅದು ನನಗೆ ಭಯ ಹುಟ್ಟಿಸಿತು. 100 ರೂಪಾಯಿಯ ಷೇರಿಗೆ 6 ರೂಪಾಯಿ ಕೊಟ್ಟರೆ ಶೇ 6. ಕಂಪನಿ ಹಾಳಾಗಿ ಬೆಲೆ 50ಕ್ಕೆ ಇಳಿದರೆ ಅದೇ 6 ರೂಪಾಯಿ ಶೇ 12 ಎಂದು ಕಾಣುತ್ತದೆ! ಮುಂದಿನ ವರ್ಷ ಆ 6 ರೂಪಾಯಿ ಬರುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ. ಹತ್ತು ವರ್ಷದ ಡಿವಿಡೆಂಡ್ ನೋಡಿ. ಗಳಿಸಿದ್ದಕ್ಕಿಂತ ಜಾಸ್ತಿ ಹಂಚಿದ ಕಂಪನಿ ಬೇಡ.

ಇನ್ನು ಐದು ಬ್ಯಾಂಕ್. ಮೋಹ ಅರ್ಥವಾಗುತ್ತದೆ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ಣಾಟಕ, ವಿಜಯಾ ಎಲ್ಲ ಹುಟ್ಟಿದ್ದು ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ. ಆದರೆ 2020 ನೆನಪಿದೆಯಾ? ಕೊರೋನಾ ಬಂತೆಂದು, 2019–20ರ ಲಾಭದಿಂದ ಇನ್ನು ಡಿವಿಡೆಂಡ್ ಕೊಡಬೇಡಿ ಎಂದು ರಿಸರ್ವ್ ಬ್ಯಾಂಕ್ ಹೇಳಿತು. ಚೆನ್ನಾಗಿ ಲಾಭ ಮಾಡಿದ ಬ್ಯಾಂಕೂ ಕೊಡುವಂತಿರಲಿಲ್ಲ. ಐದೂ ಒಂದೇ ದಿನ ನಿಂತರೆ ಪಟ್ಟಿ ಉದ್ದ ಇದ್ದು ಏನು ಪ್ರಯೋಜನ? ಎರಡು ಬ್ಯಾಂಕ್ ಸಾಕು. ಉಳಿದವು ವಿದ್ಯುತ್, ಔಷಧಿ, ಸಾಬೂನು-ಬಿಸ್ಕತ್ತು, ಸಾಫ್ಟ್‌ವೇರ್ ಹೀಗೆ ಬೇರೆ ಬೇರೆ ಇರಲಿ. ಒಂದೇ ಸಲ ಕೊಳ್ಳಬೇಡಿ, ಒಂದು ವರ್ಷ ತೆಗೆದುಕೊಳ್ಳಿ.

ತೆರಿಗೆ ಬಗ್ಗೆ ಎರಡು ಮಾತು. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ನಿಮ್ಮ ಆದಾಯಕ್ಕೆ ಸೇರುತ್ತದೆ. ಒಂದು ಕಂಪನಿಯಿಂದ ವರ್ಷಕ್ಕೆ 10,000 ದಾಟಿದರೆ ಮೊದಲೇ ಶೇ 10 ಹಿಡಿಯುತ್ತಾರೆ. 6 ಲಕ್ಷ ಹತ್ತು ಕಡೆ ಹಂಚಿದರೆ ಆ ತಾಪತ್ರಯ ನಿಮಗೆ ಬರಲಿಕ್ಕಿಲ್ಲ.

ಮಾವನವರ ಷೇರಿಗೆ ಮಾತ್ರ ತಡ ಮಾಡಬೇಡಿ. ಸತತ ಏಳು ವರ್ಷ ಡಿವಿಡೆಂಡ್ ಕೇಳದಿದ್ದರೆ ಹಣವೂ ಷೇರೂ ಕೇಂದ್ರ ಸರ್ಕಾರದ ಹೂಡಿಕೆದಾರರ ನಿಧಿಗೆ ಹೋಗುತ್ತವೆ. ವಾಪಸ್ ಪಡೆಯಬಹುದು, ಅರ್ಜಿಗೆ ಶುಲ್ಕವಿಲ್ಲ. ಕಾಲು ಪಾಲು ಕೊಡಿ, ಬಿಡಿಸಿಕೊಡುತ್ತೇವೆ ಎನ್ನುವವರ ಹಿಂದೆ ಸುಮ್ನೆ ಹೋಗಬೇಡಿ. ಕಂಪನಿಯ ಷೇರುದಾರರ ಲೆಕ್ಕ ಇಡುವ ರಿಜಿಸ್ಟ್ರಾರ್‌ಗೆ ನೀವೇ ಬರೆಯಿರಿ. ಮಾವನವರು ಈಗ ಇಲ್ಲವಾದರೆ ನಿಮ್ಮ ಮನೆಯವರ ಅಣ್ಣ-ತಂಗಿಯರ ಸಹಿಯೂ ಬೇಕಾದೀತು. ಮೊದಲು ಅವರಿಗೊಂದು ಫೋನ್ ಮಾಡಿ.

— ಸಂಪಾದಕ